ಕತ್ತರಿಸಿದ ಅಂಚು

ಆ ಫೋಟೋದಲ್ಲಿದ್ದ ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೂ ಹೆಸರಿರಲಿಲ್ಲ. ನಾಯಿಗೆ ಇತ್ತು. ‘ಪ್ರುಯಿಟ್ ಅವರ ಬೇಟೆನಾಯಿ ಡ್ಯೂಕ್, ಕರಿಯರ ಶಾಲೆಯ ಮುಂದೆ, 1926’ ಎಂದು ಹಾರ್ಲೊ ಕೌಂಟಿಯ ಗ್ರಂಥಾಲಯದವರು ಲಕೋಟೆಯ ಮೇಲೆ ಬರೆದಿಟ್ಟಿದ್ದರು.

ಎಪ್ಪತ್ತೆಂಟು ವರ್ಷದ ಓಜೆಲ್ಲಾ ಟಾರ್ವರ್ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನಾಯಿ ಯಾರದ್ದಾದ್ರೂ ಆಗ್ಲಿ. ಫೋಟೋ ನಮ್ಮನೇದು. ಎಪ್ಪತ್ತಾರನೇ ಇಸವೀಲಿ ನಮ್ಮಮ್ಮ ತಾನೇ ತಂದು ಇಲ್ಲಿ ಕೊಟ್ಲು. ಫೋಟೋ ಅಂಟಿಸಿದ ರಟ್ಟಿನ ಮೇಲೆ, ಕೆಳಗಡೆ, ಸಾಲಾಗಿ ಹೆಸರಿದ್ವು. ಎಲ್ಲಿ?”

ಹಳೆಯ ಫೋಟೋಗಳ ಕೋಣೆ ನೋಡಿಕೊಳ್ಳುವ ಲಿನೆಟ್ ಕ್ರೋ ಕಡತ ಹುಡುಕಿ ತಂದಳು. ರಾಜ್ಯದ ಸಂಗ್ರಹಕ್ಕೆ ಕಳಿಸಲು ಆ ತಿಂಗಳು ಅವಳು ಎಲ್ಲ ಫೋಟೋಗಳನ್ನೂ ಅಣಿಗೊಳಿಸುತ್ತಿದ್ದಳು. ಕಡತದೊಳಗಿನ ಚೀಟಿ ಓದಿ ಅವಳ ದನಿ ಸಣ್ಣದಾಯಿತು.

“ಮಿಸ್ ಓಜೆಲ್ಲಾ, ಇಲ್ಲಿ ಹೀಗಿದೆ... ‘ಅಂಚು ಕೊಳೆಯಾಗಿತ್ತು. ಚೌಕಟ್ಟಿಗೆ ಹೊಂದುವಂತೆ ಕತ್ತರಿಸಲಾಗಿದೆ.’ ನಾನು ಹುಟ್ಟೋಕೆ ಮುಂಚಿನ ಮಾತು.”

“ಕೊಳೆ ಅಲ್ಲ ಅದು, ಕಾರ್ಡೀಲಿಯಾ ಟೀಚರ್ ಕೈಬರಹ. ನನಗೂ ಪಾಠ ಹೇಳಿದೋಳು. ಅವಳ ಎದುರಿಗೆ ಕೊಳೆ ಅಂದಿದ್ರೆ ಬೆರಳ ಗೆಣ್ಣಿನ ಮೇಲೆ ಏಟು ಬೀಳ್ತಿತ್ತು.”

ಓಜೆಲ್ಲಾ ಸಾಲಿನ ಬಲತುದಿಗೆ ಬೆರಳಿಟ್ಟಳು. ಎರಡು ಜಡೆಯ ಹುಡುಗಿಯೊಬ್ಬಳು ಪುಟ್ಟವಳೊಬ್ಬಳ ಕೈ ಹಿಡಿದು ನಿಂತಿದ್ದಳು. ಪುಟ್ಟವಳು ಅಲುಗಾಡಿದ್ದರಿಂದ ಮುಖ ಮಸುಕು.

“ಇವಳು ನಮ್ಮಮ್ಮ, ರುಬೆಲ್. ಇವಳು ಅಮ್ಮನ ತಂಗಿ. ಮಾರನೇ ವರ್ಷ ಜ್ವರ ಬಂದು ಹೋದ್ಲು. ಚರ್ಚಿನೋರು ಹಳೇ ಸಮಾಧಿಗಳಿಗೆಲ್ಲ ಕಲ್ಲು ಹಾಕಿಸ್ತಿದಾರೆ. ಕಲ್ಲು ಕೆತ್ತೋನು ಶುಕ್ರವಾರ ಬರ್ತಾನೆ. ನನಗೆ ಇವಳ ಹೆಸರು ಬೇಕು.”

“ಮನೇಲಿ ಏನಂತ ಕರೀತಿದ್ರು?”

“ಪಾಪು. ಎಲ್ಲರೂ ಪಾಪು ಅಂತಿದ್ದದ್ದೇ. ಕಲ್ಲಿನ ಮೇಲೂ ಪಾಪು ಅಂತ ಕೆತ್ತಿಸ್ಲಾ? ಏಳು ವರ್ಷ ಬದುಕಿದಾಳೆ ಕಣಮ್ಮ. ಹೊಲದಲ್ಲಿ ಹತ್ತಿ ಬಿಡಿಸಿದಾಳೆ.”

“ಜನಗಣತಿಯಲ್ಲಿ?”

“ಇಪ್ಪತ್ತನೇ ಇಸವೀಲಿ ಗಣತಿಯೋರು ಬಂದಾಗ ಹುಟ್ಟಿರಲಿಲ್ಲ. ಮೂವತ್ತರಲ್ಲಿ ಬಂದಾಗ ಇರಲಿಲ್ಲ.”

ಲಿನೆಟ್ ಕೇಳಿದಳು. “ಐವತ್ತು ವರ್ಷ ಈ ಫೋಟೋ ನಿಮ್ಮ ಗೋಡೆ ಮೇಲೇ ಇತ್ತಲ್ಲ. ನೀವು ಯಾವತ್ತೂ...”

“ಪ್ರತಿ ಶನಿವಾರ ಒರೆಸ್ತಿದ್ದೋಳು ನಾನೇ. ಗಾಜು ಮಿಂಚಬೇಕು, ಹಾಗೆ.” ಓಜೆಲ್ಲಾ ಕನ್ನಡಕ ಹಾಕಿಕೊಂಡಳು. “ಓದಲಿಲ್ಲ. ಗೋಡೆ ಮೇಲಿರೋದನ್ನ ಯಾರು ಓದ್ತಾರೆ? ಅಮ್ಮ ಪಕ್ಕದ ಅಡುಗೆಮನೇಲೇ ಇದ್ಲು. ಕೇಳಿದ್ರೆ ಹೇಳ್ತಿದ್ಲು.”

ಲಿನೆಟ್ ಫೋಟೋವನ್ನು ದೀಪದ ಕೆಳಗೆ ಒಯ್ದು ಭೂತಗನ್ನಡಿ ಹಿಡಿದಳು. ಎಡಭಾಗದಲ್ಲಿ, ಕತ್ತರಿಸಿದ ಅಂಚಿಗೆ ಅಂಟಿಕೊಂಡಂತೆ, ಬಿಳಿ ಶಾಯಿಯ ಸಣ್ಣ ಸಣ್ಣ ಗೀಟುಗಳು ಕಂಡವು. ಅಲಗು ಬರವಣಿಗೆಯ ನಡುವೆಯೇ ಹಾದುಹೋಗಿತ್ತು. ಅಕ್ಷರಗಳ ಮೇಲರ್ಧ ಉಳಿದಿತ್ತು.

ಇಬ್ಬರೂ ತಲೆಗೆ ತಲೆ ತಾಗುವಂತೆ ಕುಳಿತರು. ಗೀಟುಗಳ ಎತ್ತರ ಲಿನೆಟ್ ಹೇಳುತ್ತಿದ್ದಳು. ಆ ರಸ್ತೆಯಲ್ಲಿದ್ದ ಮನೆಗಳನ್ನು ಓಜೆಲ್ಲಾ ಒಂದೊಂದಾಗಿ ನೆನೆಯುತ್ತಿದ್ದಳು.

“ಇದು ಹ್ಯಾಟಿ ಗೇಯ್ನ್ಸ್. ಆ ಹಲ್ಲು ನೋಡು, ಗೇಯ್ನ್ಸ್ ಮನೆಯೋರದ್ದೇ. ಇವನು ಎಲೈಜಾ ಪೋಪ್. ಆಮೇಲೆ ಪಾದ್ರಿಯಾದ. ನಾಲ್ಕು ಹೆಂಡ್ತೀರನ್ನ ಹೂತ.”

“ನಾಲ್ಕಾ?”

“ಐದನೆಯೋಳು ಅವನನ್ನ ಹೂತ್ಲು.”

ಲಿನೆಟ್ ನಗುತ್ತಲೇ ಮೆದು ಪೆನ್ಸಿಲಿನಲ್ಲಿ ಬರೆದುಕೊಂಡಳು. ಒಂದು ಗಂಟೆಯಲ್ಲಿ ಆರು ಹೆಸರು ಸಿಕ್ಕವು. ಓಜೆಲ್ಲಾ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡಳು.

ಏಳನೆಯ ಹುಡುಗನ ಕೆಳಗೆ ಗೀಟುಗಳು ಗಿಡ್ಡವಾಗಿದ್ದವು. ಎಂಟನೆಯವನ ಕೆಳಗೆ ಬರೀ ಚುಕ್ಕೆ. ಅಲ್ಲಿಂದಾಚೆ ಏನೂ ಇರಲಿಲ್ಲ. ಕತ್ತರಿಸಿದವರ ಅಳತೆಪಟ್ಟಿ ಜಾರಿ ಅಲಗು ಓರೆಯಾಗಿ ಮೇಲೇರಿತ್ತು. ಬಲತುದಿಯಲ್ಲಿ ಅದು ರಟ್ಟನ್ನು ದಾಟಿ ಫೋಟೋದೊಳಕ್ಕೇ ನುಗ್ಗಿ ಪುಟ್ಟವಳ ಬರಿಗಾಲಿನ ಬೆರಳುಗಳನ್ನೂ ತೆಗೆದಿತ್ತು.

ಓಜೆಲ್ಲಾ ಭೂತಗನ್ನಡಿ ಇಸಿದುಕೊಂಡು ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

ಲಿನೆಟ್ ಹೊಸ ಲಕೋಟೆ ತೆಗೆದು ಎಡದಿಂದ ಆರು ಹೆಸರು ಬರೆದಳು. ಹತ್ತನೆಯ ಜಾಗದಲ್ಲಿ ರುಬೆಲ್ ಎಂದು ಬರೆದಳು. ಹನ್ನೊಂದಕ್ಕೆ ಬಂದು ಪೆನ್ಸಿಲ್ ನಿಂತಿತು.

“ಮಿಸ್ ಓಜೆಲ್ಲಾ, ಇಲ್ಲಾದ್ರೂ ‘ಪಾಪು’ ಅಂತ ಬರೀಲಾ? ಏನೂ ಇಲ್ಲದ್ದಕ್ಕಿಂತ...”

“ಬೇಡ. ಅದು ಮನೆಯೋರು ಕರೆಯೋದು.”

“ಕಲ್ಲು ಕೆತ್ತೋನಿಗೆ ಏನು ಹೇಳ್ತೀರಿ?”

“ಹುಟ್ಟಿದ ವರ್ಷ, ಹೋದ ವರ್ಷ ಕೆತ್ತು ಅಂತೀನಿ. ಅದೆರಡೂ ಗೊತ್ತಲ್ಲ.” ಅವಳು ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಲಿನೆಟ್ ಉಳಿದ ಸಾಲುಗಳಲ್ಲಿ ‘ತಿಳಿದಿಲ್ಲ’ ಎಂದು ತುಂಬಿದಳು. ಆಮೇಲೆ ಕಡತದ ಹಳೆಯ ಚೀಟಿಯಲ್ಲಿ, ‘ಕತ್ತರಿಸಲಾಗಿದೆ’ ಎಂಬ ಮಾತಿನ ಕೆಳಗೆ, ಹೋದದ್ದರ ಲೆಕ್ಕ ಬರೆದಿಟ್ಟಳು: ಅಂಚು, ಅರ್ಧ ಇಂಚು. ಹೆಸರು, ನಾಲ್ಕು.