ಗೌರಮ್ಮ ಹೇಳದೆ ಉಳಿಸಿಕೊಂಡ ಹೆಸರು

"ರೆಕಾರ್ಡ್ ಆಗ್ತಿದೆ ಅಜ್ಜಿ, ಈಗ ಹೇಳಿ," ಎಂದು ಅಮ್ರೀನ್ ಮೊಬೈಲನ್ನು ಸ್ಟೂಲಿನ ಮೇಲಿಟ್ಟಳು. ಗೌರಮ್ಮ ಸೆರಗು ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಎರಡು ಗುಟುಕು ನೀರು ಕುಡಿದರು. ಆಮೇಲೆ ಬಹಳ ಗಂಭೀರವಾಗಿ, "ನಮ್ಮ ಅಶ್ವತ್ಥನ ಅಪ್ಪ," ಎಂದರು.

"ಅಜ್ಜೀ!" ಮೊಮ್ಮಗಳು ಸುಮಾ ಹಣೆ ಚಚ್ಚಿಕೊಂಡಳು. "ಇದು ಮೂರನೇ ಸಲ. ತಾತನ ಹೆಸ್ರು ಹೇಳ್ಬೇಕು, ಸಂಬಂಧ ಅಲ್ಲ."

"ನಂಗೂ ಗೊತ್ತು ಕಣೇ. ಬಾಯಿಗೆ ಬರ್ಬೇಕಲ್ಲ?"

ಬೆಂಗಳೂರಿನ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಅಮ್ರೀನ್ ಕೋಗಿಲಿನ ಈ ಮನೆಯನ್ನು ಪತ್ತೆ ಹಚ್ಚಿದ್ದು ಸಣ್ಣ ಸಾಹಸವೇನಲ್ಲ. ರಾಜಸ್ಥಾನದ ಗಡಿಯ ಒಂದು ಊರಿನಲ್ಲಿ, ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬು ಬಿದ್ದು ಸತ್ತ ಹನ್ನೊಂದು ಮಂದಿಯ ಹೆಸರಿನ ಕಲ್ಲೊಂದಿದೆ. ಯಾರೂ ಸೈನಿಕರಲ್ಲ. ಟೀ ಅಂಗಡಿಯವನು, ಬಟ್ಟೆ ಒಗೆಯುವವಳು, ಮೂಟೆ ಹೊರುವವರು. ಹತ್ತನೆಯ ಸಾಲಿನಲ್ಲಿ 'ಕೋಗಿಲು, ಲಾರಿ ಕ್ಲೀನರ್, ಬೆಂಗಳೂರು' ಎಂದಿದೆ. ಆ ಊರಿನವರು ಈಗ ಕಲ್ಲನ್ನು ಹೊಸದಾಗಿ ಕೆತ್ತಿಸುತ್ತಿದ್ದಾರೆ. ಗುಂಡಿ ಒತ್ತಿದರೆ ಒಂದೊಂದು ಹೆಸರೂ ಸತ್ತವರ ಮನೆಯವರ ದನಿಯಲ್ಲೇ ಕೇಳಿಸಬೇಕು ಎಂಬುದು ಅವರ ಆಸೆ. ಕಾಲೇಜಿನ ಕೆಲಸವಾಗಿ ಅವರಿಗೆ ನೆರವಾಗುತ್ತಿದ್ದ ಅಮ್ರೀನ್ ಪಟ್ಟಿ ನೋಡಿದವಳೇ ಬೆಚ್ಚಿದಳು. ಕೋಗಿಲು ಮನುಷ್ಯನ ಹೆಸರಲ್ಲ, ದಿನಾ ಬಸ್ಸಿನ ಬೋರ್ಡಿನಲ್ಲಿ ನೋಡುವ ಊರು. ಲಾರಿ ಹತ್ತಿ ಹೋಗಿ ವಾಪಸು ಬಾರದವನು ಯಾರು ಎಂದು ಇಲ್ಲಿನ ಹಳಬರನ್ನು ಕೇಳುತ್ತ ಕೇಳುತ್ತ ಈ ಬಾಗಿಲಿಗೆ ಬಂದಿದ್ದಳು.

"ಅಪ್ಪನ ಆಧಾರ್ ಕಾರ್ಡಲ್ಲಿ ತಾತನ ಹೆಸ್ರಿದೆ. ನಾನೇ ಓದ್ಬಿಡ್ತೀನಿ," ಎಂದಳು ಸುಮಾ.

"ಬ್ಯಾಡ. ಎಸ್ರು ಕಳ್ದೋಳು ನಾನು, ನಾನೇ ಯೋಳ್ಬೇಕು," ಎಂದರು ಗೌರಮ್ಮ. "ಯಶವಂತಪುರದ ಲಾರಿ ಆಫೀಸಲ್ಲಿ ಅವ್ರನ್ನ ಊರಿನ ಎಸ್ರಿಡ್ದೇ ಕೂಗೋರು. ಯುದ್ಧ ಮುಗುದ್ಮ್ಯಾಲೆ ಆ ಆಫೀಸಿಂದ ಒಬ್ರು ಬಂದ್ರು. ಲಾರಿ ಸುಟ್ಟೋಗೈತೆ, ಒಂದು ಕಾಗ್ದಾನೂ ಉಳ್ದಿಲ್ಲ, ಸತ್ತೋರ ಪಟ್ಟಿಗೆ ಬರೀಬೇಕು, ನಿನ್ ಗಂಡನ ಸರಿಯಾದ ಎಸ್ರೇನಮ್ಮ ಅಂದ್ರು. ಅತ್ತೆ ಮಾವ ಒಲಕ್ಕೋಗಿದ್ರು. ಅಶ್ವತ್ಥ ಒಟ್ಟೇಲಿದ್ದ. ಬಾಗ್ಲ ಸಂದೀಲಿ ನಿಂತೆ, ತುಟಿ ಬಿಚ್ಲಿಲ್ಲ. ಅವ್ರೂ ಕಾದು ಕಾದು ಒಂಟೋದ್ರು. ಊರಿನ ಎಸ್ರನ್ನೇ ಬರ್ಕೊಟ್ರೇನೋ."

"ನಾಚಿಕೆ ಆಯ್ತಾ ಅಜ್ಜಿ?" ಅಮ್ರೀನ್ ಮೆಲ್ಲಗೆ ಕೇಳಿದಳು. "ನಮ್ಮ ದಾದಿಮಾ, ಅಂದ್ರೆ ನಮ್ಮಜ್ಜಿ, ಅವ್ರೂ ಅಷ್ಟೇ. ನಮ್ಮ ತಾತನ ಹೆಸ್ರು ಅವ್ರ ಬಾಯಲ್ಲಿ ನಾವು ಕೇಳಿದ್ದೇ ಇಲ್ಲ."

"ನಾಚ್ಕೆ ಅಲ್ಲ ಕಣವ್ವ. ಗಂಡನ ಎಸ್ರು ಯೋಳಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನಮ್ಮವ್ವ ಯೋಳ್ಕೊಟ್ಟಿದ್ಲು. ಎಣ ನೋಡ್ದೋರು ಯಾರೂ ಇಲ್ಲ. ಎಲ್ಲೋ ಒಂದು ಆಸ್ಪತ್ರೇಲಿ ಜೀವ ಇಡ್ಕೊಂಡಿದ್ರೆ? ನಾನು ಎಸ್ರು ಯೋಳಿ, ಇದ್ದ ಜೀವಾನೂ ಓಗ್ಬಿಟ್ರೆ?"

ಸುಮಾಳ ಮುಖದ ನಗು ಅಳಿಸಿಹೋಯಿತು. ಅಜ್ಜಿಯದು ಹಳೇ ಕಾಲದ ಬಿಗುಮಾನ ಎಂದುಕೊಂಡು ಚಿಕ್ಕಂದಿನಿಂದ ರೇಗಿಸುತ್ತ ಬಂದವಳು ಅವಳು. ಎದುರುಮನೆಯಾಕೆಗೆ ಹೆಚ್ಚುಕಡಿಮೆ ತಾತನದೇ ಹೆಸರಿದ್ದ ತಪ್ಪಿಗೆ, ಪಾಪ, ಆಕೆ ನಲವತ್ತು ವರ್ಷದಿಂದ ಅಜ್ಜಿಯ ಬಾಯಲ್ಲಿ ಬರೀ 'ಎದುರುಮನೆಯವಳು'. ಅದನ್ನು ಹೇಳಿಕೊಂಡು ಮನೆಮಂದಿಯೆಲ್ಲ ಎಷ್ಟು ನಕ್ಕಿದ್ದರು!

"ಆದ್ರೆ ಅಜ್ಜಿ, ತಿಥಿ ಎಲ್ಲಾ ಮಾಡಿದ್ರಲ್ವಾ? ಪಿತೃಪಕ್ಷದಲ್ಲಿ ನೀವೇ ಅಡುಗೆ ಮಾಡಿ ತಾತನಿಗೆ ಎಡೆ ಇಡ್ತೀರಲ್ಲ?" ಎಂದು ಸುಮಾ ಕೇಳಿದಳು.

"ಊರೋರು ಏನೇನು ಮಾಡ್ಸಿದ್ರೋ ಎಲ್ಲಾ ಮಾಡ್ದೆ. ಬಳೆ ಒಡುದ್ರು, ಕುಂಕುಮ ಅಳ್ಸಿದ್ರು. ಅದು ಅವ್ರ ಕೈಲಿತ್ತು. ನಾಲ್ಗೆ ಮಾತ್ರ ನಂದು ತಾನೆ?"

ಜಕ್ಕೂರಿನ ವಿಮಾನ ಮೈದಾನದ ಕಡೆಯಿಂದ ಪುಟ್ಟ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ಅಮ್ರೀನಳಿಗೆ ತಾನು ಬರಬಾರದಿತ್ತು ಅನ್ನಿಸಿತು. ಐವತ್ನಾಲ್ಕು ವರ್ಷ ಜೋಪಾನ ಮಾಡಿದ್ದನ್ನು ಹೀಗೆ ಬಂದು ಕೇಳಲು ತಾನು ಯಾರು?

"ಬೇಡ ಬಿಡಿ ಅಜ್ಜಿ. ಸುಮಾನೇ ಹೇಳ್ಲಿ, ನಾನು ಅವ್ರಿಗೆ ತಿಳಿಸ್ತೀನಿ," ಎಂದು ಅವಳು ಮೊಬೈಲಿಗೆ ಕೈ ಹಾಕಿದಳು. ಗೌರಮ್ಮ ಆ ಕೈಯನ್ನು ಹಿಡಿದುಕೊಂಡರು.

"ಇರವ್ವ. ಸುಮಾ, ಅವತ್ತು ಅವ್ರಿಗೆ ಇಪ್ಪತ್ನಾಲ್ಕು. ಈಗ ಎಷ್ಟಾಗಿರ್ತದೆ?"

ಸುಮಾ ಮನಸ್ಸಿನಲ್ಲೇ ಕೂಡಿದಳು. "ಎಪ್ಪತ್ತೆಂಟು ಅಜ್ಜಿ."

"ಎಪ್ಪತ್ತೆಂಟಾ?" ಗೌರಮ್ಮನ ಮುಖ ನಿಧಾನವಾಗಿ ಅರಳಿತು. "ಅವ್ರಪ್ಪ ಅರವತ್ತು ದಾಟ್ಲಿಲ್ಲ. ಅವ್ರಣ್ಣ ಅರವತ್ತೈದಕ್ಕೇ ಓಗ್ಬಿಟ್ರು. ಆ ಮನೇಲಿ ಇಷ್ಟು ವರ್ಷ ಯಾರು ಬಾಳವ್ರೆ ಯೋಳು? ತುಂಬಿದ ಆಯಸ್ಸು ಆಯ್ತು. ಸಾಕು, ಇನ್ನು ಕೂಗಿದ್ರೆ ತಪ್ಪಿಲ್ಲ."

ಅವರು ಮೊಬೈಲಿನ ಕಡೆ ಬಾಗಿದರು. ಹೊಲದ ಆ ತುದಿಯಲ್ಲಿರುವವರನ್ನು ಊಟಕ್ಕೆ ಕರೆಯುವಂತೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಮುನಿಕೃಷ್ಣಪ್ಪಾ!"