ಬದನೆ ಗದ್ದೆಯ ಬ್ಯಾಂಡು

ದುಂಬಿಗಳು ಇಲ್ಲವಾದ ಮೇಲೆ ಉಡುಪಿ ಕಡೆ ಬ್ಯಾಂಡಿನವರನ್ನು ಕರೆಸದೆ ಬದನೆ ಕಾಯಿ ಕಚ್ಚುತ್ತಿರಲಿಲ್ಲ. ಹೂ ಅರಳಿದ ಬೆಳಿಗ್ಗೆ ಬ್ಯಾಂಡಿನ ಪ್ರೆಸಿಲ್ಲಾ ಸಾಲುಗಳ ನಡುವೆ ಆ್ಯಂಪ್ ಪೆಟ್ಟಿಗೆ ಇಟ್ಟು ಗಿಟಾರ್ ಹಿಡಿದಳು. ಹಾಡು ಊರವರಿಗೆ, ಪೆಡಲ್ ಹೂವಿಗೆ. ಪಲ್ಲವಿ ಮುಗಿದಾಗಲೆಲ್ಲ ಅವಳು ಗಿಟಾರಿನ ದನಿಯನ್ನು ದುಂಬಿಯ ಮೊರೆತದಂತೆ ಮಾಡುವ, ಕಾಲ ಬಳಿಯ ಫಝ್ ಪೆಡಲ್ ತುಳಿಯುವಳು. ಗುಂಯ್ ಎಂಬ ಸದ್ದಿಗೆ ನೇರಳೆ ಹೂಗಳು ನಡುಗಿ ಪರಾಗ ಉದುರಿಸುವವು. ಸದ್ದು ಕೊಂಚ ಹೆಚ್ಚಾದರೆ ಹೂವೇ ಉದುರುತ್ತದೆ. ಹೋದ ಸಲ ಹಾಗಾಗಿ, ಗದ್ದೆಯ ಒಡತಿ ಜಲಜಕ್ಕನಿಗೆ ಒಂದು ಕಾಯಿಯೂ ಸಿಕ್ಕಿರಲಿಲ್ಲ.

ಎರಡನೆಯ ಹಾಡಿನ ನಡುವೆ ಜಲಜಕ್ಕ ಕೂಗಿದರು: "ಸಾಕು ಮಾರಾಯ್ತಿ, ಹೂ ಬೀಳ್ತದೆ! ಕಾಲು ತೆಗಿ!"

"ತೆಗ್ದಾಯ್ತಲ್ಲ ಅಕ್ಕ!"

ಆದರೂ ಗುಂಯ್ ನಿಲ್ಲಲಿಲ್ಲ. ಪ್ರೆಸಿಲ್ಲಾ ಗಾಬರಿಯಿಂದ ವಾಲ್ಯೂಮ್ ಇಳಿಸಿದಳು, ವಯರ್ ಕಿತ್ತಳು, ಕೊನೆಗೆ ಆ್ಯಂಪನ್ನೇ ಆರಿಸಿದಳು. ಡ್ರಮ್ ಬಾರಿಸುತ್ತಿದ್ದ ಸದಾನಂದನೂ ಕೈ ನಿಲ್ಲಿಸಿದ. ಸದ್ದು ಇನ್ನೂ ಇತ್ತು.

ಗಿಡಗಳ ಮಧ್ಯೆ ಬಗ್ಗಿದ ಜಲಜಕ್ಕ ಏಳಲೇ ಇಲ್ಲ. ಪ್ರೆಸಿಲ್ಲಾ ಓಡಿಹೋಗಿ ನೋಡಿದರೆ, ಅವಳು ಚಿತ್ರದಲ್ಲಷ್ಟೇ ಕಂಡಿದ್ದ ಕಪ್ಪು ದುಂಬಿಯೊಂದು ಹೂವಿಗೆ ಜೋತುಬಿದ್ದು, ಮೈತುಂಬ ಹಳದಿ ಪುಡಿ ಬಳಿದುಕೊಂಡು ನಡುಗುತ್ತಿತ್ತು.

"ಮುಂದಿನ ಹಾಡು ಸುರು ಮಾಡುವಾ?" ಸದಾನಂದ ಅಲ್ಲಿಂದಲೇ ಕೇಳಿದ.

ಜಲಜಕ್ಕ ತಲೆಯೆತ್ತದೆ ಕೈ ಅಡ್ಡ ಹಿಡಿದರು.

"ನೀವು ಸ್ವಲ್ಪ ಸುಮ್ಮನಿರಿ ಮಕ್ಕಳೇ. ಈಗ ಅದು ಬಾರಿಸ್ಲಿ."