ಎರಡು ಕಲ್ಲು, ನನ್ನದೇ ಹೆಸರು

ಕಾದ ಫರಸಿಕಲ್ಲಿಗೆ ನೀರು ಬಿದ್ದ ವಾಸನೆ ಬಂದರೆ ನಾನು ಈಗಲೂ ರಾವೂರಿನ ನಮ್ಮ ಹೊಲದಲ್ಲಿರುತ್ತೇನೆ.

ಅಲ್ಲಿ ಅಕ್ಕಪಕ್ಕ ಎರಡು ಸಮಾಧಿಗಳಿದ್ದವು. ಒಂದು ಅಪ್ಪನ ತಂದೆ ಮುತ್ಯಾನದು, ಇನ್ನೊಂದು ಆ ಮುತ್ಯಾನ ಮುತ್ಯಾನದು. ಮೊಮ್ಮಗನಿಗೆ ಮುತ್ಯಾನ ಹೆಸರಿಡುವ ಮನೆ ನಮ್ಮದು. ಎರಡೂ ಕಲ್ಲಿನ ಮೇಲೆ ನನ್ನದೇ ಹೆಸರಿತ್ತು. ಒಮ್ಮೆ ಅಲ್ಲಿಗೆ ಹೋದಾಗ ಮುತ್ಯಾನದು ಎಡದ್ದೆಂದು ಅಪ್ಪ, ಬಲದ್ದೆಂದು ಕಾಕಾ ಜಗಳಕ್ಕೇ ನಿಂತರು.

"ಆಯಿ, ನೀನರ ಹೇಳು," ಎಂದೆ, ಕಲ್ಲು ತೊಳೆಯುತ್ತಿದ್ದ ಅಜ್ಜಿಗೆ.

"ಹೊಸ ಫರಸಿ ಹಾಕಿಸಿದ ಮ್ಯಾಲ ನನಗೂ ಗುರ್ತು ಹತ್ತವಲ್ದು, ತಮ್ಮಾ."

ಗಂಡನ ಹೆಸರಾದ್ದರಿಂದ ಆಯಿ ನನ್ನನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ.

ಅವರಿಬ್ಬರೂ ಅತ್ತ ಹೋದ ಮೇಲೆ ಅವಳು ಎರಡು ಕಲ್ಲುಗಳ ನಡುವೆ ಕುಳಿತು, ಬಾಯಿಗೆ ಸೆರಗು ಹಿಡಿದು, ಆ ಹೆಸರನ್ನು ಮೆಲ್ಲಗೆ ಕೂಗಿದಳು. ಒಂದೊಂದು ಕಲ್ಲಿಗೂ ಕಿವಿಗೊಟ್ಟು ಕಾದಳು.

ಹಿಂದೆ ನಿಂತಿದ್ದ ನಾನು "ಓ" ಎಂದೆ.